ಶಾನುಭೋಗರಂಥ ಆ ಚಾರಿಕ್‌ಗೆ

ಹೆಂಡತಿಯ ತೀರಿಹೋದ ಅಜ್ಜನ ಗದ್ದೆಗೆ ಹಕ್ಕುಪತ್ರ ಮಾಡಿಸಲು ಇಂಡೊನೇಷ್ಯಾದ ಮಧ್ಯ ಜಾವಾದ ವೊನೊಸೊಬೊ ಬೆಟ್ಟದ ಕಡೆ ಹೋದಾಗ ಕೈಯಲ್ಲಿದ್ದದ್ದು ಹಳೇ ಗಿರಿಕ್ ಒಂದೇ. ಅದು ಕಂದಾಯದ ಗುರುತು, ಹಕ್ಕುಪತ್ರವಲ್ಲ. ಸಾಲದ್ದಕ್ಕೆ ಅದರಲ್ಲಿದ್ದ ಹೆಸರೇ ಬೇರೆ, ಅಜ್ಜನ ಗುರುತಿನ ಚೀಟಿಯಲ್ಲಿದ್ದ ಹೆಸರೇ ಬೇರೆ. ಅರ್ಜಿ ವಾಪಸ್ ಬಂತು.

ಹಳ್ಳಿ ಕಚೇರಿಯ ಚಾರಿಕ್, ನಮ್ಮ ಹಳೇ ಶಾನುಭೋಗರೇ ಅನ್ನಿ, ‘ಲೆಟರ್ ಸಿ’ ಪುಸ್ತಕ, ಅಂದರೆ ಹಳ್ಳಿಯ ಜಮೀನು ದಾಖಲೆ, ತೆಗೆದರು. ಅಂಚು ಉದುರುವ ಹಾಳೆಗಳಡಿ ರಟ್ಟಿನ ತುಂಡು ತೂರಿಸಿ ಒಂದೊಂದಾಗಿ ಮಗುಚಿದರು. ಮದುವೆಯಾದ ಮೇಲೆ ಗಂಡಸರು ಹೊಸ ಹೆಸರು ಇಟ್ಟುಕೊಳ್ಳುವ ರೂಢಿ ಜಾವಾದಲ್ಲಿತ್ತು. ಪುಸ್ತಕದಲ್ಲಿದ್ದದ್ದು ಅಜ್ಜನ ಹುಡುಗುತನದ ಹೆಸರು! ಪರ್ಸಿಲ್ (ಜಮೀನಿನ ತುಂಡು) ಸಂಖ್ಯೆಯ ಪಕ್ಕ ‘ಎಸ್’, ಅಂದರೆ ಸಾವಾ, ನೀರು ನಿಲ್ಲುವ ಗದ್ದೆ. ‘ಡಿ’ ಇದ್ದಿದ್ದರೆ ಒಣ ಜಮೀನು. ಸಿಕ್ಕಿತು ಅಂತ ಉಸಿರುಬಿಟ್ಟೆ.

ಎರಡೂ ಹೆಸರು ಒಬ್ಬರದೇ ಎಂಬ ಪತ್ರ ಅಲ್ಲೇ ಟೈಪಾಯಿತು. ವಾರಸುದಾರರ ಪತ್ರಕ್ಕೆ ಎಲ್ಲರ ಸಹಿ, ಇಬ್ಬರು ಸಾಕ್ಷಿ, ಹಳ್ಳಿ ಮುಖ್ಯಸ್ಥರದ್ದು, ಆಮೇಲೆ ಚಾಮತ್ ಅವರದ್ದು, ಅಂದರೆ ಹಳ್ಳಿಗಳ ಮೇಲಿನ ಉಪಜಿಲ್ಲೆಯ ಅಧಿಕಾರಿಯದ್ದು. ಕರಡಿನಲ್ಲಿ ನನ್ನ ಹೆಸರೂ ಸೇರಿಸಿದ್ದೆ. ಚಾರಿಕ್ ಅದರ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ಗೀಟು ಹಾಕಿದರು. 1960ರ ಭೂಕಾನೂನಿನಲ್ಲಿ ವಿದೇಶಿಗೆ ‘ಹಾಕ್ ಮಿಲಿಕ್’, ಅಂದರೆ ಜಮೀನಿನ ಪೂರ್ಣ ಒಡೆತನ, ಇಲ್ಲ.

ಅಳತೆಯವರು ಬರುವ ಮುಂಚೆ ಗಡಿಗೂಟ ನೆಟ್ಟಿರಬೇಕು, ಅಕ್ಕಪಕ್ಕದವರು ಒಪ್ಪಿ ಸಹಿ ಹಾಕಿರಬೇಕು. ಇಲ್ಲದಿದ್ದರೆ ಅಳತೆ ನಿಲ್ಲುತ್ತದೆ. ಸಂಜೆ ಚಾರಿಕ್ ಅವರೇ ಪ್ಯಾಂಟು ಮಡಚಿ ಬದುವಿನ ಮೇಲೆ ನಮ್ಮ ಜೊತೆ ನಡೆದರು. ಕೆಳಗದ್ದೆಯವರು ಹುಲ್ಲು ಹೊತ್ತು ಬರುವ ತನಕ ಕಾದರು.

ಮಾತುರ್ ನುವುನ್, ಪಾಕ್ (ಧನ್ಯವಾದ, ಸ್ವಾಮಿ). ಗಿರಿಕ್ ಹಿಂದೆ ನೀವು ಪೆನ್ಸಿಲಿನಲ್ಲಿ ಬರೆದ ಪುಟಸಂಖ್ಯೆ ಹಾಗೇ ಇದೆ.