ಗುಂಡನಿಗೊಂದು ಪತ್ರ: ಬೀರು, ಬಾಗಿಲು ಇತ್ಯಾದಿ

ಲೋ ಗುಂಡ,

ಫ್ರಾನ್ಸಿನ ಲಿಲ್‌ನಿಂದ ನೀನು ಕಳಿಸಿದ ಫೋಟೊ ನೋಡಿದೆ. ಕೈಯಲ್ಲಿ ಮೊಳದುದ್ದ ಬ್ರೆಡ್ಡು, ಮುಖದಲ್ಲಿ ಜಯಣ್ಣ ಮೇಷ್ಟ್ರ ಛತ್ರಿ ಸಿಕ್ಕಿದ ದಿನದ ಅದೇ ನಗು. ಇದನ್ನೆಲ್ಲ ಮೆಸೇಜಲ್ಲಿ ಬರೆಯೋದು ಬಿಟ್ಟು ಊರೆಲ್ಲ ನೋಡೋ ಹಾಗೆ ಯಾಕೋ ಹಾಕಿದೆ ಅಂತ ಬೈಬೇಡ. ಮೆಸೇಜಿಗೆ ನೀನು ಹೆಬ್ಬೆರಳು ಎತ್ತಿ ಸುಮ್ಮನಾಗ್ತೀಯ. ಇಲ್ಲಾದರೆ ನಾಲ್ಕು ಜನ ನೋಡ್ತಿದ್ದಾರೆ ಅಂತ ಮರ್ಯಾದೆಗಾದರೂ ಓದ್ತೀಯ.

ನಿನ್ನ ಬೆನ್ನ ಹಿಂದೆ ಕಲ್ಲಿನ ಸ್ಮಾರಕದಲ್ಲಿ ಗೋಡೆಗೆ ಒರಗಿ ನಿಂತಿದ್ದಾರಲ್ಲ ನಾಲ್ಕು ಜನ, ಕಾಲಬುಡದಲ್ಲಿ ಒಬ್ಬ ಹುಡುಗ ಬಿದ್ದಿದ್ದಾನಲ್ಲ, ಅವರು ಯಾರು ಅಂತ ಹುಡುಕಿದೆ. ಹುಡುಕಬಾರದಿತ್ತು. ನಾಲ್ವರಲ್ಲಿ ಒಬ್ಬ ಯುಜೀನ್ ಜಾಕೆ, ವೈನ್ ವ್ಯಾಪಾರಿ. ಮೊದಲ ಮಹಾಯುದ್ಧದಲ್ಲಿ, 1914ರಲ್ಲಿ ಜರ್ಮನ್ನರು ಊರು ಹಿಡಿದ ಮೇಲೆ ಹಿಂದೆ ಉಳಿದುಹೋದ ಫ್ರೆಂಚ್, ಬ್ರಿಟಿಷ್ ಸೈನಿಕರನ್ನು ಬಚ್ಚಿಟ್ಟು ಗಡಿ ದಾಟಿಸುತ್ತಿದ್ದ ಗುಂಪು ಇವರದು. 1915ರ ಸೆಪ್ಟೆಂಬರ್ 22ರಂದು ಅಲ್ಲಿನ ಕೋಟೆಯ ಕಂದಕದಲ್ಲಿ ನಾಲ್ವರನ್ನೂ ಗುಂಡಿಟ್ಟು ಕೊಂದರು. ಬಿದ್ದಿರುವ ಹುಡುಗ ಲಿಯೋಂ ಟ್ರ್ಯುಲಾಂ, ಬೇರೆ ಗುಂಪಿನವನು, 18 ವರ್ಷ. ಅವನ ಸರದಿ ನವೆಂಬರಿನಲ್ಲಿ ಬಂತು. ಈ ಸ್ಮಾರಕ ಎದ್ದದ್ದು 1929ರಲ್ಲಿ. 1940ರಲ್ಲಿ ಮತ್ತೆ ಬಂದ ಜರ್ಮನ್ನರು ಅದನ್ನೂ ಒಡೆದರು, ಆಮೇಲೆ ಊರವರು ಮತ್ತೆ ನಿಲ್ಲಿಸಿದರು.

ಇವರು ಬಚ್ಚಿಟ್ಟವರಲ್ಲಿ ಮ್ಯಾಪಲ್‌ಬೆಕ್ ಅಂತ ಒಬ್ಬ ಇಂಗ್ಲಿಷ್ ವಿಮಾನಚಾಲಕ. ತಪ್ಪಿಸಿಕೊಂಡು ಹೋದವನು ತೆಪ್ಪಗಿರದೆ ವಿಮಾನ ಹತ್ತಿಕೊಂಡು ಬಂದು, ಜರ್ಮನ್ ಗವರ್ನರನ್ನು ಗೇಲಿ ಮಾಡಿ ಬರೆದ ಕಾಗದವೊಂದನ್ನು ಮೇಲಿಂದ ಎಸೆದ. ನೀನಾಗಿದ್ದರೂ ಅದನ್ನೇ ಮಾಡ್ತಿದ್ದೆ, ಸುಳ್ಳು ಹೇಳಬೇಡ.

ಆದರೆ ನನಗೆ ಅಂಟಿಕೊಂಡಿರೋದು ಅಲ್ಲಿಂದ ದಕ್ಷಿಣಕ್ಕಿರುವ ಬೆರ್ಟ್ರಿ ಅನ್ನೋ ಹಳ್ಳಿಯ ಕಥೆ. ಪ್ಯಾಟ್ರಿಕ್ ಫೌಲರ್ ಅಂತ ಒಬ್ಬ ಬ್ರಿಟಿಷ್ ಕುದುರೆ ಸವಾರ, 1914ರ ಆಗಸ್ಟ್ ಕೊನೆಯಲ್ಲಿ ಲ ಕಾಟೊ ಕಾಳಗದಲ್ಲಿ ತನ್ನವರಿಂದ ತಪ್ಪಿಹೋದ. ಚಳಿಗಾಲ ಕಾಡಲ್ಲಿ ಅಡಗಿದ್ದವನನ್ನು ಜನವರಿಯಲ್ಲಿ ಮರೀ ಬೆಲ್ಮೊಂ-ಗೊಬೆರ್ ಅನ್ನುವಾಕೆ ಮನೆಯೊಳಗೆ ಸೇರಿಸಿಕೊಂಡಳು. ಎಲ್ಲಿ ಇಟ್ಟಳು ಗೊತ್ತಾ? ಬಟ್ಟೆ ಬೀರುವಿನಲ್ಲಿ. ಐದೂವರೆ ಅಡಿ ಎತ್ತರ, ಎರಡಡಿಯೂ ಇಲ್ಲದ ಆಳ. ಅದೇ ಮನೆಯಲ್ಲಿ ಜರ್ಮನ್ ಸೈನಿಕರೂ ಬಿಡಾರ ಹೂಡಿದ್ದರು! ಅವರು ಒಲೆಯ ಮುಂದೆ ಕಾಲು ಚಾಚಿ ಕಾಫಿ ಕುಡಿಯುವಾಗ ಇವನು ಬೀರುವಿನೊಳಗೆ ಕೆಮ್ಮು ನುಂಗಿಕೊಂಡು ಕೂತಿರಬೇಕು. ಹೀಗೆ 1918ರ ಅಕ್ಟೋಬರ್‌ವರೆಗೆ. ಬದುಕಿದ. ಅದೇ ಊರಲ್ಲಿ, ಅದೇ ರೆಜಿಮೆಂಟಿನ ಕಾರ್ಪೊರಲ್ ಹಲ್ ಬೇರೆ ಮನೆಯಲ್ಲಿದ್ದ. ಅವನು ಸಿಕ್ಕಿಬಿದ್ದ, 1915ರಲ್ಲಿ ಗುಂಡಿಗೆ ಬಲಿಯಾದ. ಅವನಿಗೆ ಅನ್ನ ಹಾಕಿದಾಕೆ ಜರ್ಮನಿಯ ಜೈಲು ಸೇರಿದಳು.

ಎಲ್ಲರೂ ಧೈರ್ಯ, ಸಾಹಸ ಅಂತಾರೆ. ನನಗೆ ಕಾಣೋದು ಅಡುಗೆಮನೆ. ಬೀರುವಿನಲ್ಲಿರುವವನಿಗೂ ಹೊಟ್ಟೆ ಇದೆ. ಅವನ ಕೊಳೆ ಬಟ್ಟೆಯನ್ನು ಯಾವ ಹಗ್ಗದ ಮೇಲೆ ಒಣಹಾಕೋದು? ಬಹಿರ್ದೆಸೆಗೆ ಏನು ಮಾಡೋದು? ಒಂದು ದಿನ ಜೀವ ಒತ್ತೆ ಇಡೋದು ಯಾರಿಗಾದರೂ ಆದೀತು. ಸಾವಿರಕ್ಕೂ ಮಿಕ್ಕಿ ದಿನ ಹಿಟ್ಟು ಸಾಲದ ಮನೆಯಲ್ಲಿ ಒಂದು ಪಾಲು ಎತ್ತಿಡೋದು ಇದೆಯಲ್ಲ, ಅದಕ್ಕೆ ಇನ್ನೂ ಯಾರೂ ಸರಿಯಾದ ಪದಕ ಹೊಯ್ದಿಲ್ಲ.

ಇನ್ನೊಂದು ಹಳ್ಳಿ ಇರೋನ್. ಅಲ್ಲಿ ಬಚ್ಚಿಟ್ಟುಕೊಂಡಿದ್ದ 11 ಸೈನಿಕರನ್ನೂ ಅವರಿಗೆ ಆಸರೆ ಕೊಟ್ಟಿದ್ದ ವ್ಯಾಂಸಾಂ ಶಲಾಂದ್ರನನ್ನೂ 1915ರ ಫೆಬ್ರವರಿಯಲ್ಲಿ ಗೀಸ್ ಕೋಟೆಯಲ್ಲಿ ಸಾಲಾಗಿ ನಿಲ್ಲಿಸಿ ಕೊಂದರು. ಗುಟ್ಟು ಬಿಟ್ಟುಕೊಟ್ಟವನು ಅದೇ ಊರಿನವನು. ಓದ್ತಾ ಓದ್ತಾ ಅವನ ಮೇಲೆ ರೋಷ ಉಕ್ಕಬೇಕಿತ್ತು. ಉಕ್ಕಲಿಲ್ಲ ಗುಂಡ. ಯಾಕೆ ಅಂತ ಹೇಳ್ತೀನಿ, ನಿನಗೂ ಇದುವರೆಗೆ ಹೇಳಿಲ್ಲ.

1991ರ ಡಿಸೆಂಬರ್, ಕಾವೇರಿ ಗಲಾಟೆ. ನಿಮ್ಮಪ್ಪ ನಿಮ್ಮನ್ನೆಲ್ಲ ತುಮಕೂರಿಗೆ ಸಾಗಿಸಿಬಿಟ್ಟಿದ್ದರು. ನಮ್ಮ ಹಿಂದಿನ ಮನೆಯ ತಮಿಳು ಆಂಟಿಯನ್ನೂ ಅವರ ಎರಡು ಮಕ್ಕಳನ್ನೂ ಅಮ್ಮ ಹಿತ್ತಲ ಬಾಗಿಲಿಂದ ಒಳಗೆ ಕರೆದು ಅಕ್ಕಿ ಮೂಟೆಯ ಕೋಣೆಯಲ್ಲಿ ಕೂರಿಸಿದಳು. ಯಾರು ಕೇಳಿದರೂ ಚಿಕ್ಕಮ್ಮ ಬಂದಿದ್ದಾರೆ ಅನ್ನು ಅಂತ ನನಗೆ ಪಾಠ. ಚಿಕ್ಕವನಿಗೆ ಕೆಮ್ಮು. ಕೆಮ್ಮಿದಾಗಲೆಲ್ಲ ಅಮ್ಮ ಬೆಲ್ಲ ಮೆಣಸಿನ ಉಂಡೆ ಬಾಯಿಗೆ ತುರುಕುತ್ತಿದ್ದಳು. ಹೊರಗೆ ಟೈರು ಸುಡುವ ವಾಸನೆ. ನಾನು ನಡುಮನೆಯಲ್ಲಿ ಆ ಕೆಮ್ಮಿಗೆ ಕಿವಿ ಕೊಟ್ಟು ಕೂತಿದ್ದೆ. ಆಗ ಅನ್ನಿಸಿತು, ಮೂಲೆಯಂಗಡಿ ಹತ್ತಿರ ನಿಂತ ಹುಡುಗರಿಗೆ ಒಂದು ಮಾತು ಹೇಳಿಬಿಟ್ಟರೆ ಮುಗಿದೇ ಹೋಗುತ್ತಲ್ಲ, ನಮ್ಮನೆ ನಮ್ಮದಾಗುತ್ತಲ್ಲ. ಹೇಳಲಿಲ್ಲ. ಆದರೆ ಬಾಗಿಲ ಚಿಲಕದವರೆಗೆ ಹೋಗಿದ್ದೆ. ಒಳ್ಳೇತನದಿಂದ ವಾಪಸು ಬಂದೆ ಅಂದುಕೋಬೇಡ, ಹೊರಗೆ ಕತ್ತಲಿತ್ತು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ ಮಾರಾಯ. ನಿನ್ನ ಬ್ರೆಡ್ಡಿನ ಬಗ್ಗೆ ಎರಡು ಜೋಕು ಹೊಡೆದು ಮುಗಿಸೋಣ ಅಂತ ಕೂತವನು. ಈಗ ಇದರ ಕೆಳಗೆ ಯಾರಾದರೂ ಅಳುವ ಇಮೋಜಿ ಹಾಕ್ತಾರೆ, ಇನ್ಯಾರೋ ಕಾವೇರಿ ಯಾರದು ಅಂತ ಶುರು ಹಚ್ಚಿಕೊಳ್ತಾರೆ. ನಿಮ್ಮ ನಿಮ್ಮಲ್ಲೇ ಹೊಡೆದಾಡಿಕೊಳ್ಳಿ ಸ್ವಾಮಿ, ನನ್ನನ್ನು ಬಿಟ್ಟುಬಿಡಿ.

ಗುಂಡ, ರಜೆ ಸಿಕ್ಕರೆ ಬೆರ್ಟ್ರಿಗೊಮ್ಮೆ ಹೋಗಿ ಬಾ. ಫೋಟೊ ತೆಗೆಯುವಾಗ ದಯವಿಟ್ಟು ನೀನು ಮುಂದೆ ನಿಲ್ಲಬೇಡ, ಏನೂ ಕಾಣಲ್ಲ. ಅಮ್ಮ ಕೂಡ ಈಚೆಗೆ ಫೇಸ್‌ಬುಕ್‌ನಲ್ಲಿದ್ದಾಳೆ. ಇದನ್ನು ಓದಿದರೂ ಓದಿಯಾಳು. ಓದಿ, ಕೆಳಗೆ ಗುಲಾಬಿ ಹೂವಿನ ಚಿತ್ರ ಹಾಕಿ, "ಗುಂಡನಿಗೆ ಕೇಳಿದೆ ಅಂತ ಹೇಳು, ಅಲ್ಲಿ ತಿಳಿಸಾರು ಸಿಗುತ್ತಾ?" ಅಂತ ಎಲ್ಲರ ಮುಂದೆ ಕೇಳ್ತಾಳೆ. ಉತ್ತರ ರೆಡಿ ಇಟ್ಟುಕೋ.

ಇಂತಿ ನಿನ್ನ,
ಛತ್ರಿ ಕದಿಯದವನು