ಅಂಗಡಿ, ಹೋಟೆಲುಗಳ ಸುಗಂಧಕ್ಕೂ ವಿವೇಚನೆ ಬೇಕು

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನ ಎಂ.ಜಿ. ರಸ್ತೆ, ಐ.ಜಿ. ರಸ್ತೆಗಳ ಬಟ್ಟೆ ಅಂಗಡಿ, ಚಿನ್ನದಂಗಡಿಗಳಿಂದ ಹಿಡಿದು ಗಿರಿಯ ಕಡೆಯ ರೆಸಾರ್ಟ್, ಹೋಂಸ್ಟೇಗಳವರೆಗೆ ಗೋಡೆಗೊಂದು ಸುಗಂಧ ಸಿಂಪಡಿಸುವ ಯಂತ್ರ ತೂಗುಹಾಕುವುದು ಈಚೆಗೆ ವಾಡಿಕೆಯಾಗಿದೆ. ಬಂದ ಗಿರಾಕಿಗೆ ಹಿತವೆನಿಸಲಿ ಎಂಬ ಉದ್ದೇಶದಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ಜಾಗಕ್ಕೆ ಯಾವ ಪರಿಮಳ, ಎಷ್ಟು ಪ್ರಮಾಣದಲ್ಲಿ ಎಂಬ ಯೋಚನೆ ಮಾತ್ರ ಹೆಚ್ಚಿನ ಕಡೆ ಕಾಣುತ್ತಿಲ್ಲ. ಕಾಫಿಪುಡಿ ವ್ಯಾಪಾರದಲ್ಲಿ ಮೂಗನ್ನೇ ನಂಬಿ ಬದುಕುವವನಾದ್ದರಿಂದ ಈ ವಿಷಯವಾಗಿ ಬರೆಯಬೇಕೆನಿಸಿತು.

ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದ ಕೋಣೆಗಳಲ್ಲಿ ಹಾಸಿಗೆ, ದಪ್ಪ ಪರದೆ, ನೆಲಗಂಬಳಿಗಳೆಲ್ಲ ತೇವ ಹಿಡಿದು ಮುಗ್ಗಲು ವಾಸನೆ ಬರುವುದು ಸಹಜ. ಇದಕ್ಕೆ ಕಿಟಕಿ ತೆರೆದು ಗಾಳಿಯಾಡಿಸುವುದು, ಸೋರುವ ಗೋಡೆಯನ್ನು ದುರಸ್ತಿ ಮಾಡಿಸುವುದು, ತೇವ ಹೀರುವ ಯಂತ್ರ ಇಡುವುದು ಸರಿಯಾದ ಪರಿಹಾರ. ಅದರ ಬದಲು ನಿಂಬೆಯದೋ ಲ್ಯಾವೆಂಡರಿನದೋ ಕಟುವಾದ ಪರಿಮಳ ಸಿಂಪಡಿಸಿದರೆ ಬೂಷ್ಟು ಇದ್ದಲ್ಲೇ ಇದ್ದು, ಎರಡೂ ವಾಸನೆ ಬೆರೆತು ತಲೆನೋವು ತರಿಸುವ ಮೂರನೆಯದೊಂದು ಹುಟ್ಟಿಕೊಳ್ಳುತ್ತದೆ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಹಾಗಾಗಿ ಬಾಗಿಲು ಮುಚ್ಚಿದ ಎಸಿ ಕೋಣೆಯಲ್ಲಿ ಸಿಂಪಡಿಸಿದ್ದು ಬಹಳ ಹೊತ್ತು ಅಲ್ಲಿಯೇ ಉಳಿಯುತ್ತದೆ.

ಪ್ರಮಾಣದ ವಿಷಯದಲ್ಲಿ ಮಾಲೀಕರು ತಮ್ಮ ಮೂಗನ್ನು ನಂಬುವಂತಿಲ್ಲ. ಯಾವುದೇ ವಾಸನೆಗೆ ನಮ್ಮ ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಂಡು ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ಬೆಳಿಗ್ಗೆಯಿಂದ ಒಳಗೇ ಕುಳಿತವರಿಗೆ ಪರಿಮಳ ಸಾಲದೆನಿಸಿ ಅವರು ಯಂತ್ರದ ಗುಂಡಿಯನ್ನು ಒಂದು ಹಂತ ಏರಿಸುತ್ತಾರೆ, ಆಗಷ್ಟೇ ಬೀದಿಯಿಂದ ಒಳಬಂದವರಿಗೆ ಉಸಿರು ಕಟ್ಟುತ್ತದೆ. ಹೊರಗೆ ಹತ್ತು ನಿಮಿಷ ಅಡ್ಡಾಡಿ ಬಂದು, ಬಾಗಿಲಲ್ಲಿ ನಿಂತು ಗಮನಿಸುವುದೊಂದೇ ಸರಿಯಾದ ಪರೀಕ್ಷೆ. ಇದರಲ್ಲಿ ಹೆಚ್ಚು ನರಳುವವರು ಕೆಲಸದವರು. ನಮ್ಮ ಊರಿನದೇ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಹುಡುಗಿಯ ಕುರ್ಚಿಯ ನೇರ ಮೇಲೆ ಯಂತ್ರ ಕೂರಿಸಿದ್ದಾರೆ. ಅದು ಚುಸ್ ಎಂದಾಗಲೆಲ್ಲ ಆಕೆ ದುಪಟ್ಟಾದ ಸೆರಗನ್ನು ಮೂಗಿಗೆ ಒತ್ತಿಕೊಳ್ಳುವುದನ್ನು ನೋಡಿದ್ದೇನೆ. ಗಿರಾಕಿ ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾನೆ, ಆಕೆಗೆ ಸಂಜೆಯವರೆಗೂ ಅದೇ ಗಾಳಿ. ಯಂತ್ರವನ್ನು ಬಾಗಿಲ ಬಳಿಗೆ ಸರಿಸುವುದು ಯಾರಿಗೂ ಹೊರೆಯಲ್ಲ.

ಕೆಲವು ಜಾಗಗಳಿಗೆ ಸುಗಂಧವೇ ಬೇಡ. ಕ್ಲಿನಿಕ್, ಔಷಧದಂಗಡಿಗಳಿಗೆ ಅಸ್ತಮಾ ಇರುವವರು, ಅಲರ್ಜಿ ಇರುವವರು ಬರುತ್ತಾರೆ, ಅವರಿಗೆ ಕಟುವಾದ ಪರಿಮಳವೇ ಉಬ್ಬಸಕ್ಕೆ ಕಾರಣವಾಗಬಹುದು. ಊಟ, ತಿಂಡಿಯ ಹೋಟೆಲಿನಲ್ಲಿ ತುಪ್ಪ ದೋಸೆಯ ಘಮವನ್ನು ಮರೆಸುವ ಯಾವ ಪರಿಮಳವೂ ಬೇಕಿಲ್ಲ. ಹುರಿದ ಕಾಫಿಯಂತೂ ಸುತ್ತಲಿನ ವಾಸನೆಯನ್ನು ಬೇಗನೆ ಹೀರಿಕೊಳ್ಳುವ ವಸ್ತು. ಕಾಫಿಯ ರುಚಿ ನೋಡುವ ಕಪ್ಪಿಂಗ್ ಕೋಣೆಗೆ ಸೆಂಟು ಹಚ್ಚಿಕೊಂಡು ಹೋಗುವಂತಿಲ್ಲ ಎಂಬುದು ನಮ್ಮ ವೃತ್ತಿಯ ಮೊದಲ ನಿಯಮ. ಹಾಗಿರುವಾಗ ಬಾಬಾಬುಡನ್‌ಗಿರಿಯ ಸೀಮೆಯ ಕಾಫಿ ಅಂಗಡಿಗಳಲ್ಲೇ ರೂಮ್ ಫ್ರೆಶ್‌ನರ್ ಕಂಡಾಗ ನನಗೆ ನೋವಾಗುತ್ತದೆ. ಕಾಫಿ ಗಿಡ ಹೂಬಿಡಲು ಬೇಕಾದ ಬೇಸಿಗೆಯ ಮಳೆ, ಅಂದರೆ ಹೂಮಳೆಯಾದ ಮೇಲೆ ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ನೆನಪಿಸುವ ಕಂಪು ಕೆಲವು ದಿನ ತಾನಾಗಿಯೇ ಒಳಬರುತ್ತದೆ. ಆ ದಿನಗಳಲ್ಲಾದರೂ ರೆಸಾರ್ಟಿನವರು ಯಂತ್ರ ನಿಲ್ಲಿಸಿ ಕಿಟಕಿ ತೆರೆಯಲಿ.

ಸುಗಂಧ ಬೇಕೇಬೇಕು ಎನ್ನುವ ಹೋಟೆಲ್ ಲಾಬಿ, ಬಟ್ಟೆ ಅಂಗಡಿಗಳಿಗೆ ನಮ್ಮ ನೆಲದ ಪರಿಮಳಗಳೇ ಇವೆ. ಲಾವಂಚದ ಬೇರಿನ ತಣ್ಣನೆಯ ಮಣ್ಣಿನ ವಾಸನೆ, ಮಜ್ಜಿಗೆ ಹುಲ್ಲಿನ ಹಗುರ ಪರಿಮಳ, ನಮ್ಮ ರಾಜ್ಯದಲ್ಲೇ ಬೆಳೆಯುವ ದವನ, ಇವು ಮಿತವಾಗಿದ್ದರೆ ಯಾರನ್ನೂ ಕಾಡುವುದು ಕಡಿಮೆ. ಹಾಗೆಂದು ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂದೇನೂ ಅಲ್ಲ. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಗಾಳಿಯ ಓಝೋನ್ ಜೊತೆ ಸೇರಿದಾಗ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಉಂಟಾಗುತ್ತದೆ. ಆದ್ದರಿಂದ ದುರ್ವಾಸನೆ ತೆಗೆಯಲು ಓಝೋನ್ ಯಂತ್ರ ಬಳಸುವವರು ಆ ಕೋಣೆಯಲ್ಲಿ ಇಂಥ ಸುಗಂಧವನ್ನು ಬಳಸಲೇಬಾರದು.

ಸೌಂದರ್ಯವರ್ಧಕಗಳಲ್ಲಿ ಅಲರ್ಜಿ ತರಬಲ್ಲ ಸುಗಂಧಗಳನ್ನು ಹೆಸರಿಸಿ ಮುದ್ರಿಸಬೇಕೆಂದು ಐರೋಪ್ಯ ಒಕ್ಕೂಟ ಮೊದಲು 26 ವಸ್ತುಗಳ ಪಟ್ಟಿ ಮಾಡಿ, 2023ರಲ್ಲಿ ಅದನ್ನು 80ರ ಆಸುಪಾಸಿಗೆ ಹಿಗ್ಗಿಸಿತು. ನಮ್ಮ ಅಂಗಡಿಗಳಿಗೆ ಬರುವ ಡಬ್ಬಿಗಳ ಮೇಲೆ ಹಲವು ಬಾರಿ ‘ಪರ್ಫ್ಯೂಮ್’ ಎಂಬ ಒಂದೇ ಪದವಿರುತ್ತದೆ. ಮಾರಲು ಬರುವವರಿಂದ ಒಳಗಿನ ವಸ್ತುಗಳ ವಿವರವನ್ನು ಮಾಲೀಕರು ಕೇಳಿ ಪಡೆಯಬೇಕು, ಕೊಡದಿದ್ದರೆ ಕೊಳ್ಳಬಾರದು. ಪ್ರವಾಸೋದ್ಯಮ ಇಲಾಖೆಯು ಹೋಂಸ್ಟೇ ನೋಂದಣಿಯ ಪರಿಶೀಲನೆಯಲ್ಲಿ ಕೋಣೆಯ ಗಾಳಿ, ಬೆಳಕು, ತೇವಗಳತ್ತ ವಿಶೇಷ ಗಮನ ಕೊಡಲಿ. ಅತಿಥಿ ಕೇಳಿದ ಕೂಡಲೇ ಸುಗಂಧ ಯಂತ್ರ ನಿಲ್ಲಿಸಲಾಗುವುದು ಎಂಬ ಚಿಕ್ಕ ಫಲಕವನ್ನು ಹೋಟೆಲಿನವರು ಕನ್ನಡದಲ್ಲಿ ಕೋಣೆಗಳಲ್ಲಿ ಹಾಕಲಿ ಎಂದು ಕೋರುತ್ತೇನೆ.

ಇತಿ,
ಕಾಫಿಪುಡಿ ವ್ಯಾಪಾರಿ, ಚಿಕ್ಕಮಗಳೂರು