ಜಗಲಿಯಲ್ಲೇ ಕೂತುಬಿಡಬೇಡ, ಪುಟ್ಟಿ

ಕುಂದಾಪುರ

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. ಜರ್ಮನಿಯ ಆ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ರೂಮಿಗೆ ಬಂದರೆ ಮಾತಿಗೆ ಯಾರೂ ಇಲ್ಲ ಅಂದೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ ಅಂದೆ. ಅಲ್ಲಿಯ ಇಂಗ್ಲಿಷ್ ಮಾತಾಡುವವರ ಗುಂಪು ಯಾವುದೋ ಸೇವೆಗೆ ಕರೆದರೆ, 'ನನಗೇ ಇನ್ನೂ ಜರ್ಮನ್ ಸರಿಯಾಗಿ ಬರುವುದಿಲ್ಲ, ನಾನೇನು ಕೊಡಲಿ' ಅಂತ ಹಿಂದೆ ಸರಿದೆಯಂತೆ. ಫೋನಿನಲ್ಲಿ ಉತ್ತರ ಹೇಳಹೊರಟರೆ ಅರ್ಧ ಮಾತು ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಸ್ರೇಲಿಗೆ ಹೋದಾಗ ನನ್ನದೂ ಇದೇ ಗತಿ. ನಮ್ಮ ಕರಾವಳಿಯಿಂದ ಎಷ್ಟೋ ಜನ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾರಲ್ವಾ, ಹಾಗೆ ನಾನೂ ಹೋದವಳು. ರಾನಾನಾ ಎಂಬ ಊರಿನಲ್ಲಿ ಕೆಲಸ. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಿಂದ ಬಂದು ನೆಲೆಸಿದವರು. ಅವರನ್ನು 'ಸವ್ತಾ' ಎಂದು ಕರೆಯುತ್ತಿದ್ದೆ. ಹೀಬ್ರೂ ಭಾಷೆಯಲ್ಲಿ ಹಾಗೆಂದರೆ ಅಜ್ಜಿ. ಇಂಗ್ಲೆಂಡ್, ಅಮೆರಿಕ, ಆಫ್ರಿಕಾ ಎಲ್ಲಿಂದಲೇ ಬಂದಿರಲಿ, ಇಂಗ್ಲಿಷ್ ಮಾತಾಡುವ ವಲಸಿಗರಿಗೆಲ್ಲ ಅಲ್ಲಿಯ ಜನ 'ಆಂಗ್ಲೋ-ಸಾಕ್ಸಿಂ' ಎಂದು ಒಂದೇ ಹೆಸರು ಇಟ್ಟಿದ್ದಾರೆ. ರಾನಾನಾದಲ್ಲಿ ಅವರು ತುಂಬಾ ಜನ.

ಮೊದಲ ವರ್ಷ ರಜೆಯ ದಿನ ನಾನು ಟೆಲ್ ಅವೀವ್‌ಗೆ ಹೋಗಿ ನಮ್ಮ ಕಡೆಯವರ ಜೊತೆ ಕೂರುತ್ತಿದ್ದೆ. ಯಾರ ಸಂಬಳ ಎಷ್ಟು, ಯಾರ ಮನೆಯ ಮುದುಕ ಎಷ್ಟು ಸಿಡುಕ, ಯಾರ ವೀಸಾ ಯಾವಾಗ ಮುಗಿಯುತ್ತದೆ, ಇಷ್ಟೇ ಮಾತು. ಹಾಗೆ ಕೂರುವುದೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ವಾಪಸ್ ಬರುವಾಗ ಹೋಗುವಾಗಿನದಕ್ಕಿಂತ ಮನಸ್ಸು ಭಾರವಾಗಿರುತ್ತಿತ್ತು.

ಸವ್ತಾ ಬೇರೆ ಥರ. ಎಂಬತ್ತು ದಾಟಿದ್ದರೂ ವಾರಕ್ಕೆ ಒಂದು ಬೆಳಿಗ್ಗೆ ಶಾಲೆಗೆ ಹೋಗಲೇಬೇಕು. ಎಸ್ರಾ ಎಂಬ ಸಂಘದ ಕೆಲಸ ಅದು. 1979ರಲ್ಲಿ ಹೆರ್ಜ್ಲಿಯಾ ಊರಿನಲ್ಲಿ ಇಂಗ್ಲಿಷ್ ಮಾತಾಡುವ ವಲಸಿಗರು ಕಟ್ಟಿಕೊಂಡ ಸಂಘ. ಅವರು ಹಳೇ ಬಟ್ಟೆ, ಪುಸ್ತಕ, ಪಾತ್ರೆಗಳನ್ನು ಸಂಗ್ರಹಿಸಿ ಸೆಕೆಂಡ್ ಹ್ಯಾಂಡ್ ಅಂಗಡಿ ನಡೆಸುತ್ತಾರೆ. ಅಂಗಡಿಯಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಸಂಬಳ ಇಲ್ಲದೆ ಬರುವವರು. ಬಂದ ಹಣ ಸಮಾಜದ ಕೆಲಸಕ್ಕೆ ಹೋಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಶಾಲೆಯ ಕೆಲಸ. ಅಲ್ಲಿ ಹೈಸ್ಕೂಲಿನ ಕೊನೆಗೆ 'ಬಗ್ರುತ್' ಎಂಬ ದೊಡ್ಡ ಪರೀಕ್ಷೆ ಇದೆ, ಅದರಲ್ಲಿ ಇಂಗ್ಲಿಷ್ ಕಡ್ಡಾಯ. ದುಡ್ಡಿದ್ದವರು ಮಕ್ಕಳನ್ನು ಟ್ಯೂಷನ್‌ಗೆ ಕಳಿಸುತ್ತಾರೆ. ಇಲ್ಲದವರ ಮಕ್ಕಳು ಏನು ಮಾಡಬೇಕು? ಅಂಥ ಮಕ್ಕಳ ಜೊತೆ ಈ ಅಜ್ಜ ಅಜ್ಜಿಯರು ಗಂಟೆಗಟ್ಟಲೆ ಕೂತು ಇಂಗ್ಲಿಷ್ ಮಾತಾಡಿಸುತ್ತಿದ್ದರು.

ನಾನು ವೀಲ್‌ಚೇರ್ ತಳ್ಳಿಕೊಂಡು ಜೊತೆಗೆ ಹೋಗುತ್ತಿದ್ದೆ, ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಸವ್ತಾಗೆ ನಲವತ್ತು ವರ್ಷ ಕಳೆದರೂ ಹೀಬ್ರೂ ನೆಟ್ಟಗೆ ಬರುತ್ತಿರಲಿಲ್ಲ. ಆ ಭಾಷೆಯಲ್ಲಿ ಕ್ರಿಯಾಪದಕ್ಕೂ ಗಂಡು ಹೆಣ್ಣು ಎಂಬ ಭೇದ ಉಂಟು. 'ನೀನು' ಅನ್ನುವುದಕ್ಕೂ ಹುಡುಗನಿಗೆ ಒಂದು ಪದ, ಹುಡುಗಿಗೆ ಇನ್ನೊಂದು. ಸವ್ತಾ ಅದನ್ನು ಅದಲುಬದಲು ಮಾಡುತ್ತಿದ್ದರು. ಎದುರಿಗೆ ಕೂತ ಹನ್ನೊಂದು ವರ್ಷದ ಹುಡುಗ ಮೊದಲ ಎರಡು ವಾರ ಬಾಯೇ ಬಿಡಲಿಲ್ಲ. ಮೂರನೇ ವಾರ ಸವ್ತಾ ಅವನನ್ನು ಹುಡುಗಿ ಮಾಡಿ ಮಾತಾಡಿಸಿದಾಗ ನಕ್ಕು ತಿದ್ದಿದ. ಸವ್ತಾ ತಕ್ಷಣ ಪುಸ್ತಕ ಮುಚ್ಚಿಟ್ಟು, 'ಇನ್ನು ಮೇಲೆ ಅರ್ಧ ಗಂಟೆ ನಾನು ಮೇಷ್ಟ್ರು, ಅರ್ಧ ಗಂಟೆ ನೀನು' ಅಂದರು. ಆ ಹುಡುಗ ತಪ್ಪು ಮಾಡಲು ಹೆದರುವುದನ್ನು ಬಿಟ್ಟದ್ದು ಅವತ್ತಿನಿಂದಲೇ.

ಭಾಷೆ ಪೂರ್ತಿ ಕಲಿತ ಮೇಲೆ ಹೋಗುತ್ತೇನೆ ಅನ್ನುತ್ತೀಯಲ್ಲ, ಈಗ ಯೋಚಿಸು. ಸವ್ತಾಗೆ ಹೀಬ್ರೂ ಚೆನ್ನಾಗಿ ಬಂದಿದ್ದರೆ ಆ ಹುಡುಗ ಬಾಯಿ ಬಿಡುತ್ತಿದ್ದನಾ? ನನಗಂತೂ ಅನುಮಾನ.

ಆಮೇಲೆ ನಾನೂ ಸೇರಿದೆ. ಇಥಿಯೋಪಿಯಾದಿಂದ ವಲಸೆ ಬಂದ ಹೆಂಗಸರಿಗೆ ಹೊಲಿಗೆ ಕಲಿಸುವ ಕಡೆ. 1984ರಲ್ಲಿ ಒಮ್ಮೆ, 1991ರಲ್ಲಿ ಮತ್ತೊಮ್ಮೆ ಅಲ್ಲಿಯ ಯೆಹೂದಿಗಳನ್ನು ಇಸ್ರೇಲ್ ಸರ್ಕಾರ ವಿಮಾನಗಳಲ್ಲಿ ಕರೆತಂದಿತಂತೆ. ಎರಡನೇ ಸಲ ಸುಮಾರು 36 ಗಂಟೆಯೊಳಗೆ 14 ಸಾವಿರಕ್ಕೂ ಹೆಚ್ಚು ಜನ ಬಂದಿಳಿದರು. ಹಳ್ಳಿಯಿಂದ ಎದ್ದು ಬಂದ ಹೆಂಗಸರಿಗೆ ಆ ದೇಶದಲ್ಲಿ ಎಲ್ಲವೂ ಹೊಸತು. ನನಗೂ ಅವರಿಗೂ ಒಂದೇ ಒಂದು ಭಾಷೆ ಸಮವಾಗಿ ಬರುತ್ತಿರಲಿಲ್ಲ. ನಾನು ಅಂಚು ಮಡಚಿ ತೋರಿಸುತ್ತಿದ್ದೆ, ಅವರು ಮಡಚುತ್ತಿದ್ದರು. ಒಬ್ಬಾಕೆ ಒಂದು ದಿನ ಮನೆಯಿಂದ ಇಂಜೆರಾ ತಂದರು. ಹಿಟ್ಟು ಹುಳಿ ಬರಿಸಿ, ಹೆಂಚಿನ ಮೇಲೆ ಹರಡಿ, ಒಂದೇ ಮಗ್ಗುಲು ಬೇಯಿಸುತ್ತಾರೆ. ಮೇಲೆಲ್ಲ ಸಣ್ಣ ಸಣ್ಣ ತೂತು. ಬಾಯಿಗಿಟ್ಟರೆ ಅಮ್ಮ ಹಿಂದಿನ ರಾತ್ರಿ ರುಬ್ಬಿಟ್ಟ ಹಿಟ್ಟಿನ ಹುಳಿದೋಸೆಯ ವಾಸನೆ! ಕಣ್ಣಲ್ಲಿ ನೀರು ಬಂತು. ಆಕೆ ಏನೂ ಕೇಳಲಿಲ್ಲ, ಇನ್ನೊಂದು ತುಂಡು ನನ್ನ ತಟ್ಟೆಗೆ ಹಾಕಿದರು. ಇಸ್ರೇಲಿನಲ್ಲಿ ನನಗೆ ಊರು ಸಿಕ್ಕಿದ್ದು ಅವತ್ತು.

ಇದೇನು ನಮಗೆ ಹೊಸತಾ? ನಮ್ಮೂರಲ್ಲಿ ಮದುವೆಯ ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಅಕ್ಕಪಕ್ಕದವರೆಲ್ಲ ಬರುವುದಿಲ್ವಾ? 'ನನಗೆ ಅಡಿಗೆ ಪೂರ್ತಿ ಬರುವುದಿಲ್ಲ' ಎಂದು ಯಾರೂ ಮನೆಯಲ್ಲೇ ಕೂರುವುದಿಲ್ಲ. ಬಂದವರು ಮೆಟ್ಟುಕತ್ತಿ ಎಳೆದುಕೊಂಡು ಕೂರುತ್ತಾರೆ, ಕೈಗೆ ಸಿಕ್ಕ ಸೌತೆಕಾಯಿ ಹೆಚ್ಚುತ್ತಾರೆ. ನೀನೂ ಹಾಗೇ ಹೋಗು.

ನಾಟಕದ ವಿಷಯ ಹೇಳದೆ ಇರಲಾರೆ. ದಕ್ಷಿಣದ ಮರುಭೂಮಿಯ ಕಡೆ ಬೀರ್ಶೆಬಾ ಎಂಬ ಊರಿದೆ. ಅಲ್ಲಿಯ ಇಂಗ್ಲಿಷ್ ಮಾತಾಡುವ ವಲಸಿಗರು 1981ರಿಂದ ಲೋಗಾನ್ ಎಂಬ ತಂಡ ಕಟ್ಟಿ ಹಾಡಿನ ನಾಟಕ ಆಡುತ್ತಾ ಬಂದಿದ್ದಾರೆ. ಯಾರೂ ವೃತ್ತಿ ಕಲಾವಿದರಲ್ಲ. ಹಗಲು ತಮ್ಮ ತಮ್ಮ ಕೆಲಸ, ರಾತ್ರಿ ರಿಹರ್ಸಲ್. ಸವ್ತಾ ಜೊತೆ ಒಮ್ಮೆ ನೋಡಲು ಹೋಗಿದ್ದೆ. ನಮ್ಮ ಹವ್ಯಾಸಿ ಯಕ್ಷಗಾನ ತಂಡದ ಚೌಕಿಯೇ ನೆನಪಾಯಿತು. ವೇಷ ಕಟ್ಟುವವರು, ದೀಪ ಹಿಡಿಯುವವರು, ಟಿಕೆಟ್ ಹರಿಯುವವರು, ಎಲ್ಲರೂ ಬೇಕು. ಹಾಡಲು ಬಾರದವರಿಗೂ ಜಾಗ ಉಂಟು. ದಿನವಿಡೀ ಬೇರೆ ಭಾಷೆಯಲ್ಲಿ ತಡವರಿಸಿದವರು ಸಂಜೆ ತಮ್ಮ ಭಾಷೆಯಲ್ಲಿ ಗಂಟಲು ಬಿಟ್ಟು ಹಾಡುವಾಗ ಅವರ ಮುಖ ನೋಡಬೇಕಿತ್ತು ನೀನು. ಅದು ಬರೀ ಮನರಂಜನೆ ಅಲ್ಲ. ಮಾರನೆಯ ದಿನ ಮತ್ತೆ ತಡವರಿಸಲು ಬೇಕಾದ ಶಕ್ತಿ ಅದು.

ಆದರೆ ಒಂದು ಎಚ್ಚರಿಕೆ ಹೇಳಬೇಕು. ಸವ್ತಾ ಗೆಳತಿಯೊಬ್ಬರು ಮೂವತ್ತು ವರ್ಷ ಇಂಗ್ಲಿಷಿನವರ ನಡುವೆಯೇ ಕಳೆದರು. ಪುಸ್ತಕ ಓದುವ ಗುಂಪು, ಬ್ರಿಜ್ ಆಟ, ಚಹಾ, ಎಲ್ಲವೂ ಇಂಗ್ಲಿಷಿನಲ್ಲಿ. ಮನೆಗೆ ಬಂದ ಕಾಗದಪತ್ರವನ್ನೆಲ್ಲ ಗಂಡ ಓದುತ್ತಿದ್ದರು. ಅವರು ತೀರಿಕೊಂಡ ಮೇಲೆ ಬ್ಯಾಂಕಿನ ಪತ್ರ ಹಿಡಿದುಕೊಂಡು ಪಕ್ಕದ ಮನೆಯ ಹುಡುಗಿಯ ಹತ್ತಿರ ಓದಿಸಲು ಹೋಗಬೇಕಾಯಿತು. ಆಕೆ ಎಷ್ಟು ಕುಗ್ಗಿಹೋದರು ಗೊತ್ತಾ. ಇಂಗ್ಲಿಷಿನವರ ಕೂಟ, ನಮ್ಮ ಕನ್ನಡದವರ ಕೂಟ, ಎರಡೂ ಜಗಲಿ ಇದ್ದ ಹಾಗೆ. ಕೂತು ದಣಿವಾರಿಸಿಕೋ. ಮಳೆಗಾಲ ಪೂರ್ತಿ ಅಲ್ಲೇ ಮಲಗಲು ಆಗುವುದಿಲ್ಲ. ಜರ್ಮನ್ ಕ್ಲಾಸನ್ನು ಯಾವ ಕಾರಣಕ್ಕೂ ತಪ್ಪಿಸಬೇಡ. ನಿಮ್ಮೂರ ಲೈಬ್ರರಿಯಲ್ಲಿ ಸ್ಪ್ರಾಖ್‌ಕಫೆ ಇದೆ, ಚಹಾ ಕುಡಿಯುತ್ತಾ ಜರ್ಮನ್ ಮಾತಾಡಿಸುತ್ತಾರೆ ಅಂದಿದ್ದೆಯಲ್ಲ. ಅದನ್ನು ನಡೆಸುವವರೂ ಸುಮ್ನೆ ಬರುವ ಸ್ವಯಂಸೇವಕರೇ ಇರಬೇಕು. ಮೊದಲು ಕಲಿಯಲು ಹೋಗು. ತಿಂಗಳಾದ ಮೇಲೆ ಚಹಾದ ಕಪ್ ತೊಳೆಯಲು ನಿಲ್ಲು.

ಆದರೆ ಜಾಸ್ತಿ ಹೊತ್ತುಕೊಳ್ಳಬೇಡ. ನಿನ್ನದು ನರ್ಸ್ ಕೆಲಸ, ರಾತ್ರಿ ಪಾಳಿ ಬೇರೆ. ವಾರಕ್ಕೆ ಒಂದೇ ಗಂಟೆ ಕೊಡು, ಆದರೆ ಆ ಗಂಟೆ ತಪ್ಪಿಸಬೇಡ. ಮೂರು ಕಡೆ ಹೆಸರು ಬರೆಸಿ ಎಲ್ಲಿಗೂ ಹೋಗದವರನ್ನು ನಾನು ತುಂಬಾ ನೋಡಿದ್ದೇನೆ. ಕಾದು ಕೂತ ಮಗುವಿಗೋ ಮುದುಕರಿಗೋ ಅದರಿಂದ ಆಗುವ ನೋವು ಸಣ್ಣದಲ್ಲ.

ಕೊನೆಗೆ ಸವ್ತಾ ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಬಂದ ದಿನ ಅವರಿಗೆ ಬೇಕಾದ ಮಂಚವೂ ಹೊಸ ವೀಲ್‌ಚೇರೂ ಯಾದ್ ಸಾರಾ ಎಂಬ ಸಂಸ್ಥೆಯಿಂದ ಬಂತು. ಠೇವಣಿ ಇಟ್ಟರೆ ಸಾಕು, ಸಾಮಾನು ವಾಪಸ್ ಕೊಟ್ಟಾಗ ಹಣ ಮರಳಿ ಬರುತ್ತದೆ. 1976ರಲ್ಲಿ ಜೆರುಸಲೇಮಿನ ಮೇಷ್ಟ್ರೊಬ್ಬರು ಶುರು ಮಾಡಿದ್ದು. ಕೆಮ್ಮುವ ಮಗುವಿಗೆ ಹಬೆ ಕೊಡುವ ಯಂತ್ರವನ್ನು ಪಕ್ಕದ ಮನೆಯಿಂದ ಎರವಲು ತಂದಾಗ, ಇಂಥದ್ದು ಎಲ್ಲರಿಗೂ ಸಿಗುವಂತಿದ್ದರೆ ಎಂದು ಅವರಿಗೆ ಅನಿಸಿತಂತೆ. ಇವತ್ತು ಸಾವಿರಾರು ಸ್ವಯಂಸೇವಕರು ಅದನ್ನು ನಡೆಸುತ್ತಾರೆ. ಸವ್ತಾ ಮಲಗಿದಲ್ಲೇ ಆಗಿದ್ದಾಗ ಆ ಹುಡುಗ ಮನೆಗೇ ಬಂದು ಹಾಸಿಗೆಯ ಪಕ್ಕ ಕೂತು ಇಂಗ್ಲಿಷ್ ಓದುತ್ತಿದ್ದ. ತಪ್ಪಿದ ಪದವನ್ನು ಸವ್ತಾ ಕಣ್ಣು ಮುಚ್ಚಿಕೊಂಡೇ ತಿದ್ದುತ್ತಿದ್ದರು.

ಮುಂದಿನ ತಿಂಗಳು ನಿಮ್ಮ ಆಸ್ಪತ್ರೆಗೆ ಸೇರಲು ಬರುವ ಹುಡುಗಿಯ ಕೈಯಲ್ಲಿ ಹಲಸಿನ ಹಪ್ಪಳ ಕಳಿಸುತ್ತೇನೆ. ಎರಡು ಕಟ್ಟು ನಿನಗೆ, ಎರಡು ಕಟ್ಟು ಲೈಬ್ರರಿಯವರಿಗೆ. ಎಣ್ಣೆ ಚೆನ್ನಾಗಿ ಕಾದ ಮೇಲೆಯೇ ಹಾಕು, ಇಲ್ಲದಿದ್ದರೆ ಎಣ್ಣೆ ಕುಡಿಯುತ್ತವೆ. ಅಮ್ಮನಿಗೆ ಫೋನ್ ಮಾಡು.

ನಿನ್ನ ಪ್ರೀತಿಯ
ಚಿಕ್ಕಮ್ಮ